ಲೋಟದ ನೀರು ನಡುಗಿತು, ಟೀವಿಗೆ ಕೇಳಲಿಲ್ಲ

‘ಜುರಾಸಿಕ್ ಪಾರ್ಕ್’ ನೋಡಿದವರಿಗೆ ಆ ದೃಶ್ಯ ನೆನಪಿರುತ್ತದೆ. ರಾತ್ರಿ, ಮಳೆ, ನಿಂತ ಕಾರು. ಒಳಗಿಟ್ಟ ಲೋಟದ ನೀರಿನಲ್ಲಿ ಸಣ್ಣ ಅಲೆ ಏಳುತ್ತದೆ. ದೂರದಲ್ಲೆಲ್ಲೋ ಡೈನೋಸಾರ್ ಹೆಜ್ಜೆ ಇಡುತ್ತಿದೆ. ಟಾಕೀಸಿನಲ್ಲಿ ಕೂತವರಿಗೆ ಆ ಹೆಜ್ಜೆ ಎದೆಗೇ ಬಡಿಯುತ್ತದೆ. ಮನೆಯ ಟೀವಿಯಲ್ಲಿ ನೀರು ನಡುಗುವುದು ಕಾಣುತ್ತದೆ, ಯಾಕೆ ನಡುಗಿತು ಅನ್ನುವುದು ಕಿವಿಗೆ ಮುಟ್ಟುವುದಿಲ್ಲ. ಸೌಂಡ್ ಏರಿಸಿದರೆ ಸ್ಪೀಕರ್ ಗರಗರ ಅನ್ನುತ್ತದೆ. ಮನೆಯವರು ಟೀವಿ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಕೆಟ್ಟಿಲ್ಲ. ಇದರ ಹಿಂದೆ ಐವತ್ತು ವರ್ಷದ ಕಥೆಯಿದೆ.

1974ರಲ್ಲಿ ಅಮೆರಿಕದ ಯೂನಿವರ್ಸಲ್ ಕಂಪನಿ ‘ಅರ್ತ್‌ಕ್ವೇಕ್’ ಎಂಬ ಸಿನಿಮಾ ಬಿಡುಗಡೆ ಮಾಡಿತು. ಭೂಕಂಪವನ್ನು ತೋರಿಸಿದರೆ ಸಾಲದು, ಕೂತ ಕುರ್ಚಿಗೂ ಮುಟ್ಟಿಸಬೇಕು ಎಂಬುದು ಅವರ ಹಟ. ಅದಕ್ಕಾಗಿ ಚಿತ್ರಮಂದಿರಗಳಲ್ಲಿ ದೊಡ್ಡ ದೊಡ್ಡ ಸ್ಪೀಕರ್ ಪೆಟ್ಟಿಗೆ ಇಡಿಸಿದರು. ಈ ವ್ಯವಸ್ಥೆಯ ಹೆಸರು ‘ಸೆನ್ಸರೌಂಡ್’. ಗೋಡೆಯಾಚೆ ಬೇರೆ ಸಿನಿಮಾ ನೋಡುತ್ತಿದ್ದವರಿಗೂ ಅದರ ಗುಡುಗು ಕೇಳಿಸುತ್ತಿತ್ತು. ಆ ಚಿತ್ರಕ್ಕೆ ಧ್ವನಿಯ ಆಸ್ಕರ್ ಬಂತು.

1977ರಲ್ಲಿ ‘ಸ್ಟಾರ್ ವಾರ್ಸ್’ ಬಂತು. ಅದರ 70 ಎಂಎಂ ಪ್ರಿಂಟಿನಲ್ಲಿ ಧ್ವನಿಗೆ ಆರು ಮ್ಯಾಗ್ನೆಟಿಕ್ ಪಟ್ಟಿಗಳಿದ್ದವು. ಡಾಲ್ಬಿ ಕಂಪನಿಯವರು ಅವುಗಳಲ್ಲಿ ಎರಡನ್ನು ತಗ್ಗಿನ ಸದ್ದಿಗೇ ಮೀಸಲಿಟ್ಟರು. ಇದಕ್ಕೆ ‘ಬೇಬಿ ಬೂಮ್’ ಎಂಬ ಅಡ್ಡಹೆಸರು ಬಿತ್ತು. 1979ರ ‘ಅಪೊಕಾಲಿಪ್ಸ್ ನೌ’ ಚಿತ್ರದಲ್ಲಿ ಹೆಲಿಕಾಪ್ಟರ್ ಪ್ರೇಕ್ಷಕರ ಸುತ್ತ ತಿರುಗಿತು, ಬಾಂಬು ಅದೇ ಪ್ರತ್ಯೇಕ ಪಟ್ಟಿಯಲ್ಲಿ ಸಿಡಿಯಿತು. 1987ರಲ್ಲಿ ಟಾಮ್ಲಿನ್ಸನ್ ಹಾಲ್ಮನ್ ಎಂಬ ಧ್ವನಿತಜ್ಞ ಈ ಬಗೆಯ ಜೋಡಣೆಯನ್ನು ‘5.1’ ಎಂದು ಕರೆದರು. ಐದು ಅಂದರೆ ಸುತ್ತಲಿನ ಸ್ಪೀಕರುಗಳ ಚಾನೆಲ್. ಆ ಪಾಯಿಂಟ್ ಒಂದು, ಬರೀ ಗುಡುಗಿಗೆ. 1992ರ ‘ಬ್ಯಾಟ್‌ಮನ್ ರಿಟರ್ನ್ಸ್’ ಜೊತೆ ಡಾಲ್ಬಿ ಡಿಜಿಟಲ್, 1993ರ ‘ಜುರಾಸಿಕ್ ಪಾರ್ಕ್’ ಜೊತೆ ಡಿಟಿಎಸ್ ಬಂದು ಇದು ಊರೂರಿಗೆ ಹಬ್ಬಿತು. ಆಮೇಲೆ ಡಿವಿಡಿ ಅದನ್ನು ಮನೆಯೊಳಗೇ ತಂದಿತು.

ಮನೆಗೆ ಬಂದದ್ದು ಸದ್ದು ಮಾತ್ರ. ಅದನ್ನು ಹೊರಡಿಸುವ ಪೆಟ್ಟಿಗೆ ಬರಲಿಲ್ಲ. ತೊಂದರೆ ಅಲ್ಲೇ ಶುರುವಾದದ್ದು.

ಸ್ಪೀಕರಿನೊಳಗಿನ ಕೋನ್ ಹಿಂದೆ ಮುಂದೆ ಆಡಿ ಗಾಳಿ ತಳ್ಳುತ್ತದೆ. ಸದ್ದು ತಗ್ಗಿದಷ್ಟೂ ತಳ್ಳಬೇಕಾದ ಗಾಳಿ ಹೆಚ್ಚು. ಸೆಕೆಂಡಿಗೆ 80 ಕಂಪನದ ಸದ್ದು 40ಕ್ಕೆ ಇಳಿದರೆ, ಮಟ್ಟ ಅಷ್ಟೇ ಉಳಿಯಬೇಕಾದರೆ ಕೋನ್ 4 ಪಟ್ಟು ದೂರ ಆಡಬೇಕು. 20ಕ್ಕೆ ಇಳಿದರೆ 16 ಪಟ್ಟು. ಸಾಲದ್ದಕ್ಕೆ, ಆ ಗುಡುಗಿನ ಚಾನೆಲನ್ನು ಉಳಿದವಕ್ಕಿಂತ 10 ಡೆಸಿಬಲ್ ಜೋರಾಗಿ ನುಡಿಸಬೇಕೆಂಬುದು ಸಿನಿಮಾದ ನಿಯಮ. ಅಂದರೆ 10 ಪಟ್ಟು ಶಕ್ತಿ. ತೆಳ್ಳನೆಯ ಟೀವಿಯ ಬೆನ್ನಿಗಿರುವ ಅಂಗೈಯಷ್ಟೂ ಇಲ್ಲದ ಸ್ಪೀಕರಿಗೆ ಇದನ್ನು ಹೇಳುವುದು, ಬೀಸಣಿಗೆ ಕೊಟ್ಟು ಕಣದ ರಾಗಿಯನ್ನೆಲ್ಲ ತೂರು ಅಂದ ಹಾಗೆ.

ಹಾಗಾಗಿ 5.1 ಧ್ವನಿಯನ್ನು ಎರಡು ಸ್ಪೀಕರಿಗೆ ಇಳಿಸುವಾಗ ಯಂತ್ರಗಳು ಆ ಗುಡುಗಿನ ಚಾನೆಲನ್ನು ಸಾಮಾನ್ಯವಾಗಿ ಕೈಬಿಡುತ್ತವೆ. ಆದರೆ ಉಳಿದ ಐದರಲ್ಲೂ ತಗ್ಗಿನ ಸದ್ದು ಸಾಕಷ್ಟಿರುತ್ತದೆ. ಅದು ಸಣ್ಣ ಸ್ಪೀಕರನ್ನು ಜಗ್ಗಾಡಿಸಿ, ಅದೇ ಕೋನ್‌ನಿಂದ ಬರುವ ಮಾತನ್ನೂ ಕೆಡಿಸುತ್ತದೆ. ಹೀರೊ ಹೇಳಿದ್ದು ಕೇಳದೆ ಅಜ್ಜಿ ‘ಏನಂದ್ನೋ?’ ಅಂತ ಮೊಮ್ಮಗನನ್ನು ಕೇಳುತ್ತಾಳೆ. ಆತ ಸೌಂಡ್ ಏರಿಸುತ್ತಾನೆ. ಮರುಗಳಿಗೆ ಫೈಟು ಶುರುವಾಗಿ ತೊಟ್ಟಿಲ ಕೂಸು ಬೆಚ್ಚಿ ಏಳುತ್ತದೆ. ತಪ್ಪು ಅಜ್ಜಿಯ ಕಿವಿಯದೇ ಆಗಬೇಕಿಲ್ಲ.

ಸಬ್ ವೂಫರ್ ಇಲ್ಲದವರು ಕಾಸು ಖರ್ಚಿಲ್ಲದೆ ಮಾಡಬಹುದಾದ್ದು ಮೂರಿವೆ. ಬೇಸ್ ಏರಿಸಬೇಡಿ, ಸ್ವಲ್ಪ ಇಳಿಸಿ, ಮಾತು ತಿಳಿಯಾಗುತ್ತದೆ. ಟೀವಿಯ ಸೌಂಡ್ ಮೆನುವಿನಲ್ಲಿ ನೈಟ್ ಮೋಡ್ ಇದ್ದರೆ ಹಾಕಿ, ಜೋರಿನದು ತಗ್ಗಿ ಮೆಲ್ಲನೆಯದು ಏರುತ್ತದೆ. ಬೇರೆ ಸ್ಪೀಕರ್ ಪೆಟ್ಟಿಗೆಗಳಿದ್ದು ಗುಡುಗು ಬೇಕೇ ಬೇಕು ಅನ್ನಿಸಿದರೆ ಅವನ್ನು ಗೋಡೆಯ ಮೂಲೆಗೆ ಸರಿಸಿ, ಮೂಲೆ ತಗ್ಗಿನ ಸದ್ದನ್ನು ಹೆಚ್ಚಿಸುತ್ತದೆ.

ಇಷ್ಟಾದರೂ ಡೈನೋಸಾರ್ ಹೆಜ್ಜೆ ಎದೆಗೆ ಬಡಿಯುವುದಿಲ್ಲ. ಅದಕ್ಕೆ ಟಾಕೀಸಿಗೇ ಹೋಗಬೇಕು. ಅಜ್ಜಿಗೆ ಮಾತಾದರೂ ಕೇಳುತ್ತದೆ.