ಗಂಧದ ಗಿಡ ಹಚ್ಚಿದ್ರ ಕೇಸ್ ಬೀಳ್ತದ?

ಹೋದ ಸಲ ಊರಿಗೆ ಹೋದಾಗ ಸಿಂಧನೂರು ಹತ್ತಿರದ ಆರ್.ಎಚ್. ಕ್ಯಾಂಪಿನಲ್ಲಿರುವ ಗೆಳೆಯನ ಮನೆಗೆ ಹೋಗಿದ್ದೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ಕಟ್ಟಿಕೊಟ್ಟ ಊರದು. ಗೆಳೆಯ ಹೊಲದ ಬದುವಿಗೆ ಹಚ್ಚಲು ಗಂಧದ ಸಸಿ ತಂದಿಟ್ಟಿದ್ದ. ಅವರಪ್ಪನದು ಒಂದೇ ಹಟ. "ಬ್ಯಾಡಪ, ಗಂಧದ ಗಿಡ ಹಚ್ಚಿದ್ರ ಕೇಸ್ ಬೀಳ್ತದ!" ನಾನು ನಕ್ಕೆ. ಆದರೆ ಬೆಂಗಳೂರಿಗೆ ಬಂದ ಮೇಲೆ ಸ್ವಲ್ಪ ಓದಿದಾಗ, ಅವರ ಹೆದರಿಕೆಗೆ ಇನ್ನೂರು ವರ್ಷದ ಚರಿತ್ರೆ ಇದೆ ಅಂತ ಗೊತ್ತಾಯ್ತು.

1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷ ಅಂತ ಘೋಷಿಸಿದ. ಆಮೇಲೆ ಬಂದ ಒಡೆಯರೂ ಬ್ರಿಟಿಷರೂ ಅದನ್ನು ಬಿಡಲಿಲ್ಲ. ಬಿಡ್ತಾರಾ? ಖಜಾನೆಗೆ ಅಷ್ಟು ಒಳ್ಳೆ ಆದಾಯ! ಮರ ಕಾಡಿನಲ್ಲಿರಲಿ, ನಿಮ್ಮ ಹಿತ್ತಲಲ್ಲಿರಲಿ, ಅದು ಸರ್ಕಾರದ್ದು. ಕಡಿಯೋದು, ಹರಾಜು ಹಾಕೋದು ಎಲ್ಲ ಅರಣ್ಯ ಇಲಾಖೆಯ ಕೆಲಸ.

ಹರಾಜಾದ ಕೊರಡುಗಳು ಯುರೋಪಿಗೆ ಹೋಗುತ್ತಿದ್ದವು. 1914ರಲ್ಲಿ ಮಹಾಯುದ್ಧ ಶುರುವಾಗಿ ಆ ದಾರಿ ಮುಚ್ಚಿತು, ಮಾಲು ಇಲ್ಲೇ ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯ್ತು. ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುವ ಮೈಸೂರು ಸ್ಯಾಂಡಲ್ ಸೋಪಿನ ಮೂಲ ಇದೇ. ಅಂದರೆ ಮರದಿಂದ ಸೋಪಿನವರೆಗೆ ಎಲ್ಲವೂ ಸರ್ಕಾರದ ಕೈಲಿ.

ನಮ್ಮ ಸಿಂಧನೂರು ಆಗ ನಿಜಾಮರ ರಾಜ್ಯದಲ್ಲಿತ್ತು, ಮೈಸೂರಿನ ಕಾನೂನು ನಮಗೆ ಸಂಬಂಧವಿರಲಿಲ್ಲ. 1956ರಲ್ಲಿ ಒಂದೇ ರಾಜ್ಯವಾಯ್ತು. 1963ರ ಅರಣ್ಯ ಕಾಯ್ದೆ ಹಳೆಯ ಹೈದರಾಬಾದ್ ಅರಣ್ಯ ಕಾಯ್ದೆಯನ್ನೂ ತೆಗೆದುಹಾಕಿ ಎಲ್ಲರಿಗೂ ಒಂದೇ ಕಾನೂನು ತಂತು.

ಇದರಲ್ಲಿ ರೈತನ ಪಾಡು ನೋಡಿ. ಮರ ಅವನದಲ್ಲ, ಆದರೆ ಅದನ್ನು ಕಾಯೋ ಜವಾಬ್ದಾರಿ ಅವನದು! ರಾತ್ರಿ ಕಳ್ಳರು ಕಡಿದುಕೊಂಡು ಹೋದರೆ ಬೆಳಿಗ್ಗೆ ಉತ್ತರ ಕೊಡಬೇಕಾದವನು ಅವನೇ. ಹಕ್ಕಿ ಹಾಕಿದ ಬೀಜದಿಂದ ಬದುವಿನಲ್ಲಿ ಗಂಧ ಮೊಳೆತರೆ ಜಾಣ ರೈತ ಏನು ಮಾಡ್ತಾನೆ? ಚಿಕ್ಕದಿರುವಾಗಲೇ ಕಿತ್ತು ಹಾಕ್ತಾನೆ.

ಇನ್ನು ಕಾಡಿನ ಗಂಧ? ಅದನ್ನು ಕಾನೂನು ಉಳಿಸಲಿಲ್ಲ. ವೀರಪ್ಪನ್ ಕಥೆ ನಮಗೆಲ್ಲ ಗೊತ್ತು, 2004ರ ಅಕ್ಟೋಬರ್ 18ಕ್ಕೆ ಅವನ ಕಥೆ ಮುಗಿಯಿತು. ಅಷ್ಟರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಗಂಧವನ್ನು ಅಪಾಯದಲ್ಲಿರುವ ಮರಗಳ ಪಟ್ಟಿಗೆ (1998) ಸೇರಿಸಿ ಆಗಿತ್ತು. ಕೊರಡುಗಳ ರಫ್ತಿಗೆ ದೇಶದಲ್ಲಿ ನಿಷೇಧವಿದೆ, ಆದರೂ ಕಳ್ಳಸಾಗಣೆ ನಿಂತಿಲ್ಲ.

ತಮಾಷೆ ಅಂದರೆ, ಅತ್ತ ಪಶ್ಚಿಮ ಆಸ್ಟ್ರೇಲಿಯಾದ ಕುನುನುರ್ರಾದಲ್ಲಿ ಆರ್ಡ್ ನದಿಯ ಕಾಲುವೆ ನೀರಿನಲ್ಲಿ ನಮ್ಮದೇ ಜಾತಿಯ ಗಂಧವನ್ನು ತೋಟ ಮಾಡಿ ಬೆಳೆದರು. ಇತ್ತ ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ಭತ್ತವೋ ಭತ್ತ.

ಕೊನೆಗೆ 2001ರಲ್ಲಿ ಕರ್ನಾಟಕ ಕಾಯ್ದೆಗೆ ತಿದ್ದುಪಡಿ ಮಾಡಿತು. ಜಮೀನಿನಲ್ಲಿರುವ ಗಂಧಕ್ಕೆ ಜಮೀನಿನವನೇ ಹಕ್ಕುದಾರ. ಆದರೂ ಕಡಿಯಲು ಅನುಮತಿ ಬೇಕು, ಸಾಗಿಸಲು ರಹದಾರಿ ಬೇಕು. ಕಾಡಿನ ಮಾಲನ್ನು ತೋಟದ್ದು ಅಂತ ಸಾಗಿಸುವವರು ಇರುವಾಗ ಇದು ಬೇಕೇ ಬೇಕು ಅಂತ ನಾನೂ ಒಪ್ತೀನಿ. ಆದರೆ ನೆಟ್ಟವನಿಗೆ ಏನೂ ಸಿಗದ ಕಾನೂನು ಮರವನ್ನು ಉಳಿಸುತ್ತದೆ ಅಂತ ಇಷ್ಟು ವರ್ಷ ಹೇಗೆ ನಂಬಿದ್ದೆವು?

ಗೆಳೆಯನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವರಪ್ಪ ಪಕ್ಕದಲ್ಲೇ ಇದ್ದರಂತೆ. ಪೂರ್ತಿ ಕೇಳಿ, "ಕಾಯ್ದೆ ಬದಲಾಗಿದ್ದು ಕಾಗದದಾಗ, ಬಂದು ಕೇಳೋರಿಗೆ ಗೊತ್ತದೇನು?" ಅಂದರಂತೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಸಿಗಳು ಇನ್ನೂ ಅಂಗಳದಲ್ಲೇ ಇವೆ. ನಿಮ್ಮ ಊರಿನ ಕಡೆ ಯಾರಾದರೂ ಗಂಧ ನೆಟ್ಟು, ಕಡಿದು, ಮಾರಿದ್ದರೆ ದಯವಿಟ್ಟು ತಿಳಿಸಿ. ಹೋಗಿ ಅವರಿಗೆ ಹೇಳಬೇಕು.