ಮೈಕ್ರೋಪ್ಲಾಸ್ಟಿಕ್ ಮತ್ತು ಮಾನವದೇಹ

ಐದು ಮಿಲಿಮೀಟರಿಗಿಂತ ಕಿರಿದಾದ ಪ್ಲಾಸ್ಟಿಕ್ ಚೂರು, ಎಳೆ, ಪುಡಿಗಳಿಗೆ ಮೈಕ್ರೋಪ್ಲಾಸ್ಟಿಕ್ ಎಂದು ಹೆಸರು. ಒಂದು ಮೈಕ್ರೋಮೀಟರಿಗಿಂತಲೂ ಚಿಕ್ಕವು ನ್ಯಾನೋಪ್ಲಾಸ್ಟಿಕ್. ಬ್ರಿಟನ್ನಿನ ಸಾಗರವಿಜ್ಞಾನಿ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಹೆಸರು ಬಳಕೆಗೆ ಬಂತು. ನೀರು, ಆಹಾರ, ಉಸಿರು ಇವುಗಳ ಮೂಲಕ ಕಣಗಳು ದೇಹ ಸೇರುತ್ತವೆ. ನುಂಗಿದ ದೊಡ್ಡ ಕಣಗಳು ಬಹುಮಟ್ಟಿಗೆ ಮಲದೊಡನೆ ಹೊರಬೀಳುತ್ತವೆ.

ಪತ್ತೆ ಮತ್ತು ಅಳತೆ

2021ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದು ಆರು ಬಾಣಂತಿಯರ ಮಾಸು ಪರೀಕ್ಷಿಸಿ, ನಾಲ್ಕರಲ್ಲಿ ಒಟ್ಟು 12 ಕಣಗಳನ್ನು ಕಂಡಿತು. ಮರುವರ್ಷ ನೆದರ್ಲೆಂಡ್ಸ್‌ನಲ್ಲಿ 22 ದಾನಿಗಳ ಪೈಕಿ 17 ಮಂದಿಯ ರಕ್ತದಲ್ಲಿ ಪ್ಲಾಸ್ಟಿಕ್ ಪತ್ತೆಯಾಯಿತು. ಈ ಎರಡು ಫಲಿತಾಂಶಗಳನ್ನು ಜೊತೆಯಲ್ಲಿಟ್ಟು ಹೋಲಿಸುವುದು ಸಲ್ಲದು, ಏಕೆಂದರೆ ಅಳೆದ ವಿಧಾನಗಳೇ ಬೇರೆ.

ಮಾಸಿನ ಅಧ್ಯಯನ ಬಳಸಿದ್ದು, ಸಿ.ವಿ. ರಾಮನ್ 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದ ಬೆಳಕಿನ ಚದುರುವಿಕೆಯನ್ನು. ಲೇಸರ್ ಬಿದ್ದ ಕಣ ತನ್ನ ರಾಸಾಯನಿಕ ರಚನೆಗೆ ತಕ್ಕ ರೋಹಿತವನ್ನು ಹೊಮ್ಮಿಸುತ್ತದೆ. ಹಾಗಾಗಿ ಒಂದೊಂದೇ ಕಣದ ಗಾತ್ರವೂ ಜಾತಿಯೂ ತಿಳಿಯುತ್ತವೆ. ಆದರೆ ಸುಮಾರು ಒಂದು ಮೈಕ್ರೋಮೀಟರಿನಿಂದ ಕೆಳಗೆ ಈ ಕಣ್ಣು ಮಂದವಾಗುತ್ತದೆ. ರಕ್ತದ ಅಧ್ಯಯನದ ದಾರಿ ಇನ್ನೊಂದು: ಮಾದರಿಯನ್ನು ಹೆಚ್ಚು ಶಾಖದಲ್ಲಿ ಒಡೆದು, ಹೊರಟ ಅನಿಲಗಳನ್ನು ಬೇರ್ಪಡಿಸಿ, ಅವುಗಳಿಂದ ಪ್ಲಾಸ್ಟಿಕ್ಕಿನ ತೂಕವನ್ನು ಲೆಕ್ಕಹಾಕುವುದು. ಇದರಲ್ಲಿ ಸಣ್ಣ ಕಣಗಳೂ ತೂಕಕ್ಕೆ ಸೇರುತ್ತವೆ, ಆದರೆ ಕಣಗಳ ಸಂಖ್ಯೆಯಾಗಲಿ ಆಕಾರವಾಗಲಿ ಗೊತ್ತಾಗುವುದಿಲ್ಲ. ಇನ್ನೂ ದೊಡ್ಡ ತೊಡಕು ಕೊಬ್ಬಿನದು. ಕೊಬ್ಬು ಒಡೆದಾಗ ಪಾಲಿಥೀನ್ ಒಡೆದಾಗ ಬರುವಂಥ ಹೈಡ್ರೋಕಾರ್ಬನ್‌ಗಳೇ ಬರುತ್ತವೆ. ಮಾದರಿಯಿಂದ ಕೊಬ್ಬನ್ನು ಪೂರ್ತಿ ತೆಗೆಯದಿದ್ದರೆ ಅದೂ ಪ್ಲಾಸ್ಟಿಕ್ಕಿನ ಲೆಕ್ಕಕ್ಕೆ ಬೀಳಬಹುದು. ಮಿದುಳು ಕೊಬ್ಬು ತುಂಬಿದ ಅಂಗ; ಅಲ್ಲಿ ಸಿಕ್ಕಿತೆನ್ನುವ ಪ್ರಮಾಣಗಳ ಮೇಲಿನ ಮುಖ್ಯ ಆಕ್ಷೇಪ ಇದೇ. ಪ್ರಯೋಗಾಲಯದ ಗಾಳಿ, ಕೈಗವಸು, ಕೊಳವೆಗಳಿಂದ ಉದುರುವ ಕಣಗಳ ಕಾಟ ಬೇರೆ. ಮಾಸಿನ ತಂಡ ಹೆರಿಗೆಕೋಣೆಯಲ್ಲೇ ಹತ್ತಿಯ ಕೈಗವಸು ಬಳಸಿದ್ದು ಇದೇ ಕಾರಣಕ್ಕೆ.

ಆರೋಗ್ಯ

ಉಸಿರಾಟದ ಹಾನಿಗೆ ಹಳೆಯ ಸಾಕ್ಷ್ಯವಿದೆ: ನೈಲಾನ್ ಎಳೆಗಳ ಪುಡಿಯಲ್ಲಿ ದುಡಿದ ಕಾರ್ಖಾನೆ ಕೆಲಸಗಾರರಿಗೆ ಶ್ವಾಸಕೋಶದ ಕಾಯಿಲೆ ಬಂದದ್ದು 1990ರ ದಶಕದ ಕೊನೆಯಲ್ಲಿ ವರದಿಯಾಯಿತು. ಆದರೆ ಮನೆ ಬೀದಿಗಳ ಗಾಳಿಯಲ್ಲಿ ಅಂಥ ದಟ್ಟಣೆ ಇಲ್ಲ. 2024ರ ಇಟಲಿಯ ಅಧ್ಯಯನ ಹೆಚ್ಚು ಗಮನಾರ್ಹ. ಕತ್ತಿನ ಧಮನಿಯ ಶಸ್ತ್ರಚಿಕಿತ್ಸೆಯಾದ 257 ರೋಗಿಗಳಲ್ಲಿ 150 ಜನರ ಧಮನಿಯೊಳಗಿನ ಜಿಡ್ಡಿನಲ್ಲಿ ಪಾಲಿಥೀನ್ ಕಂಡುಬಂತು. ಪ್ಲಾಸ್ಟಿಕ್ ಕಂಡವರಿಗೆ ಸುಮಾರು ಮೂರು ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಉಳಿದವರಿಗಿಂತ ಸುಮಾರು ನಾಲ್ಕೂವರೆ ಪಟ್ಟು ಇತ್ತು. ಇದು ಒಟ್ಟೊಟ್ಟಿಗೆ ಕಂಡ ಸಂಬಂಧ. ಪ್ಲಾಸ್ಟಿಕ್ಕೇ ಕಾರಣವೆಂದು ಸಾಧಿಸಿದಂತಲ್ಲ. ಬಂಜೆತನ, ಮರೆವಿನ ರೋಗಗಳ ಬಗೆಗಿನ ಹೇಳಿಕೆಗಳಿಗೆ ಇಷ್ಟು ಆಧಾರವೂ ಇಲ್ಲ.

ಅಪಾಯವನ್ನು ಅಳೆದು ಹೇಳಲು ಈಗಿರುವ ಮಾಹಿತಿ ಸಾಲದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ವರದಿಯಲ್ಲಿ ಹೇಳಿತು. ಒಂದೇ ಮಾದರಿಯನ್ನು ಬೇರೆ ಬೇರೆ ಪ್ರಯೋಗಾಲಯಗಳು ಎರಡೂ ವಿಧಾನಗಳಿಂದ ಅಳೆದು ಹೊಂದಿಕೆಯಾಗುವ ಉತ್ತರ ಪಡೆಯುವವರೆಗೆ, ಅಂಗಾಂಶಗಳಲ್ಲಿನ ತೂಕದ ಅಂಕಿಗಳನ್ನು ತಾತ್ಕಾಲಿಕವೆಂದೇ ಎಣಿಸಬೇಕು.