ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ

2018ರ ಫೆಬ್ರವರಿ 18, ಭಾನುವಾರ. ಮಂಡ್ಯದಲ್ಲಿ ಕಬಡ್ಡಿ ನೋಡ್ತಿದ್ದ ರೈತನಾಯಕ, ಮೇಲುಕೋಟೆ ಶಾಸಕ ಕೆ.ಎಸ್. ಪುಟ್ಟಣ್ಣಯ್ಯನವರಿಗೆ ಹೃದಯಾಘಾತವಾಯಿತು. ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ. ಪಾಂಡವಪುರದ ಕಡೆಯವರು ಆ ದಿನವನ್ನು ಮರೆತಿಲ್ಲ. ಆದ್ರೆ ನಾನು ಇವತ್ತು ಹೇಳೋದು ಬದುಕಿ ಮನೆಗೆ ಬಂದವರ ವಿಷಯ. ಗಂಡಾಂತರ ಅಲ್ಲಿಗೇ ಮುಗಿಯಲ್ಲ.

ಒಂದು ಕಾಲದಲ್ಲಿ ಹೃದಯಾಘಾತಕ್ಕೆ ಮದ್ದು ಅಂದ್ರೆ ಮಂಚ. ವಾರಗಟ್ಟಲೆ ಮಿಸುಕಾಡುವಂತಿರಲಿಲ್ಲ. ಮಲಗಿದ್ದವರ ಕಾಲಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಗಿ ಎಷ್ಟೋ ಜನ ತೀರಿಕೊಂಡರು. 1952ರಲ್ಲಿ ಅಮೆರಿಕದ ಲೆವೈನ್ ಮತ್ತು ಲೌನ್ ಎಂಬ ವೈದ್ಯರು ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸುವ ಚಿಕಿತ್ಸೆಯನ್ನು ಮುಂದಿಟ್ಟರು. 1961ರಲ್ಲಿ ಬ್ರಿಟನ್ನಿನ ಡೆಸ್ಮಂಡ್ ಜೂಲಿಯನ್, ಇಂಥವರನ್ನೆಲ್ಲ ಒಂದೇ ವಾರ್ಡಿನಲ್ಲಿಟ್ಟು ಇಸಿಜಿಯನ್ನು ಸದಾ ಗಮನಿಸಬೇಕು, ಬಡಿತ ಹದ ತಪ್ಪಿದ ತಕ್ಷಣ ಶಾಕ್ ಕೊಡಬೇಕು ಎಂದರು. ಇವತ್ತಿನ ಸಿಸಿಯು ಹುಟ್ಟಿದ್ದು ಹಾಗೆ.

1967ರಲ್ಲಿ ಕಿಲಿಪ್ ಮತ್ತು ಕಿಂಬಲ್ 250 ರೋಗಿಗಳನ್ನು ನಾಲ್ಕು ದರ್ಜೆಯಾಗಿ ವಿಂಗಡಿಸಿದರು. ಶ್ವಾಸಕೋಶದಲ್ಲಿ ನೀರಿಲ್ಲದವರಲ್ಲಿ ಸತ್ತವರು ನೂರಕ್ಕೆ 6. ರಕ್ತದೊತ್ತಡ ಕುಸಿದು ಆಘಾತಕ್ಕೆ ಹೋದವರಲ್ಲಿ 81. ಅಂದ್ರೆ ಜೀವ ತೆಗೆಯೋದು ಎದೆನೋವೊಂದೇ ಅಲ್ಲ, ಆಮೇಲೆ ಸೋಲುವ ಹೃದಯ.

1986ರಲ್ಲಿ ಇಟಲಿಯಲ್ಲಿ 11 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನ, ಹೆಪ್ಪು ಕರಗಿಸುವ ಔಷಧಿ ಬೇಗ ಕೊಟ್ಟಷ್ಟೂ ಜೀವ ಉಳಿಯುತ್ತೆ ಅಂತ ತೋರಿಸಿತು. ಅದೇ ವರ್ಷ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಶುರುವಾಯಿತು. ಈಗ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಅಂಥ ಇಂಜೆಕ್ಷನ್ ಉಚಿತ.

ಇಷ್ಟಾದರೂ ಮಂಚದ ಕಾಲದ ಮಾತು ನಮ್ಮಲ್ಲಿ ಹೋಗಿಲ್ಲ. "ಸುಸ್ತು ಕಣಪ್ಪ, ಮಲಗ್ಲಿ ಬಿಡು" ಅಂತೀವಿ. ಸುಸ್ತು ಯಾವುದು, ಸೋಲು ಯಾವುದು? ಮಲಗಿದ್ರೆ ಉಸಿರು ಕಟ್ಟಿ ಎದ್ದು ಕೂರೋದು, ಕಾಲು ಊದೋದು, ಎರಡು ಮೂರು ದಿನದಲ್ಲೇ ತೂಕ ಏರೋದು ಕಂಡ್ರೆ ಅವತ್ತೇ ವೈದ್ಯರಿಗೆ ತೋರಿಸಿ. ಮತ್ತೆ ಎದೆನೋವು, ತಲೆಸುತ್ತಿ ಬೀಳೋದು, ತಣ್ಣನೆ ಬೆವರು, ಕೂತಲ್ಲೇ ಏದುಸಿರು ಬಂದ್ರೆ ತಕ್ಷಣ 108. ಸ್ಟೆಂಟ್ ಹಾಕಿದವರು "ಈಗ ಚೆನ್ನಾಗಿದ್ದೀನಿ" ಅಂತ ಮಾತ್ರೆ ತಾವಾಗೇ ಬಿಟ್ರೆ ಸ್ಟೆಂಟಿನಲ್ಲೇ ರಕ್ತ ಹೆಪ್ಪುಗಟ್ಟಬಹುದು.

ಶ್ರೀರಂಗಪಟ್ಟಣಕ್ಕೆ ಮೈಸೂರು ಪಕ್ಕದಲ್ಲೇ ಇದೆ. ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಿಗೆ ಹಾಗಲ್ಲ. ಬೆಳಗಿನ ಬಸ್ಸಿಗೆ ಕಾಯಬೇಡಿ.